ಪೂಜೆಯಾದ ಮೆಷಿನ್ನು

ಆ ನಾತ ಎಲ್ಲಿಂದ ಬರುತ್ತಿದೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವನ ಹಾಗೆ ಮೂಗು ಅರಳಿಸಿ ಕೂತವನು ಷಡಕ್ಷರಿ ಒಬ್ಬನೇ.

"ಏನೇ ಇದು, ಇಲಿ ಗಿಲಿ ಸತ್ತಿದೆಯಾ?" ಮುದ್ದೆ ಮುರಿಯುತ್ತ ಹೆಂಡತಿಯನ್ನು ಕೇಳಿದ.

"ಇಲಿ ಅಲ್ಲ, ಬಟ್ಟೆ," ಎಂದಳು ಶಶಿರೇಖಾ ಬಸ್ಸಾರು ಬಡಿಸುತ್ತ. "ಮಳೆ ಹಿಡ್ಕೊಂಡಿದೆ, ಒಣಗ್ತಿಲ್ಲ."

"ನನ್ನ ಶರ್ಟೆಲ್ಲ ಒಣಗಿದೆಯಲ್ಲ?"

"ನಿಮ್ದು ಟೆರೇಸಲ್ಲಿ ಶೀಟಿನ ಕೆಳಗೆ ಒಣಗುತ್ತೆ. ಇದು ಬಚ್ಚಲ ಓಣಿದು."

ಬಚ್ಚಲ ಓಣಿ ಎಂದ ಮೇಲೆ ಷಡಕ್ಷರಿ ತಲೆ ತಗ್ಗಿಸಿ ಮುದ್ದೆ ನುಂಗಿದ.

ಶಿರಾ ಗೇಟಿನ ಹಿಂದಿನ ಅಡ್ಡರಸ್ತೆಯಲ್ಲಿ ಅವರ ಮನೆ. ಹೋದ ವರ್ಷ ಮಹಡಿಯನ್ನು ವಸಂತನರಸಾಪುರದ ಫ್ಯಾಕ್ಟರಿಗಳಿಗೆ ಹೋಗುವ ನಾಲ್ಕು ಹುಡುಗರಿಗೆ ಬಾಡಿಗೆಗೆ ಕೊಟ್ಟರು. ಅವರು ಸಾಮಾನು ಇಳಿಸಿದ ದಿನವೇ ಷಡಕ್ಷರಿಯ ತಾಯಿ ಗಂಗಾಂಬಿಕೆ ಒಂದು ಕಟ್ಟಳೆ ಮಾಡಿದರು: ಹೆಂಗಸರ ಒಳಬಟ್ಟೆ ಇನ್ನು ಟೆರೇಸಿಗೆ ಹೋಗಕೂಡದು. ಗಂಡು ಹುಡುಗರು ಓಡಾಡುವ ಜಾಗ. ಅಂದಿನಿಂದ ಅತ್ತೆ, ಸೊಸೆ, ಮೊಮ್ಮಗಳು ಮೂವರ ಒಳಬಟ್ಟೆಯೂ ಬಚ್ಚಲಿಗೂ ಸ್ಟೋರ್ ರೂಮಿಗೂ ನಡುವಿನ ಕಿಟಕಿಯಿಲ್ಲದ ಓಣಿಯಲ್ಲಿ, ಮೊಳೆಯಿಂದ ಮೊಳೆಗೆ ಕಟ್ಟಿದ ದಾರದ ಮೇಲೆ, ಅದೂ ಹಳೇ ಟವೆಲ್ಲಿನ ಮರೆಯಲ್ಲಿ ನೇತಾಡುತ್ತಿದ್ದವು. ಗೋಡೆ ಬೆವರುತ್ತಿತ್ತು, ಬಟ್ಟೆ ಬೆವರುತ್ತಿತ್ತು. ಮೂಲೆಯ ಸುಣ್ಣದ ಮೇಲೆ ಕಪ್ಪು ಬೂಷ್ಟು ಹಬ್ಬಿತ್ತು.

ಮೇಲಿನ ಹುಡುಗರ ಚಡ್ಡಿ ಬನಿಯನ್ನುಗಳು ಮಾತ್ರ ತೋರಣ ಕಟ್ಟಿದ ಹಾಗೆ ಇಡೀ ಬೀದಿಗೆ ಕಾಣುವಂತೆ ಹಾರಾಡುತ್ತಿದ್ದವು. ಗಾಳಿ ಜೋರಾದರೆ ಒಂದೊಂದು ಅಂಗಳಕ್ಕೆ ಉದುರುತ್ತಿತ್ತು. ಗಂಗಾಂಬಿಕೆ ಅದನ್ನು ಕೋಲಿನಿಂದ ಎತ್ತಿ ಗೇಟಿಗೆ ಸಿಕ್ಕಿಸಿ, "ಯಾರ್ದ್ರಪ್ಪಾ ಇದು, ಬಂದು ತಗೊಂಡೋಗ್ರಪ್ಪಾ," ಎಂದು ಹೆತ್ತ ಮಕ್ಕಳನ್ನು ಕರೆದ ಹಾಗೆ ಕರೆಯುತ್ತಿದ್ದರು. ಅದರಿಂದ ಯಾರ ಮಾನವೂ ಹೋಗಿರಲಿಲ್ಲ.

ಕೆಳಮನೆಗೆ ಬಿಸಿಲು ಬೀಳುವ ಜಾಗ ಒಂದೇ ಒಂದು. ಅಡುಗೆಮನೆಯ ಹಿಂಬದಿಗೆ, ಕಾಂಪೌಂಡಿಗೆ ಅಂಟಿದಂತೆ ಒಂದು ಮಾರು ಅಗಲದ ಹಿತ್ತಲು. ಅಲ್ಲೊಂದು ಹಗ್ಗ. ಅದು ಪೂಜೆ ಹಗ್ಗ. ಗಂಗಾಂಬಿಕೆ ಲಿಂಗಪೂಜೆಗೆ ಉಡುವ ಸೀರೆಯೊಂದೇ ಅದರ ಮೇಲೆ ಒಣಗಬೇಕು. ಇನ್ನೊಬ್ಬರ ಕರವಸ್ತ್ರ ಕೂಡ ಸೋಕಕೂಡದು. ಒಂದು ಸೀರೆ ಇಡೀ ಬಿಸಿಲನ್ನು ತಾನೇ ಕುಡಿಯುತ್ತಿತ್ತು.

"ಮಧೂ, ಕೂತ್ಕೊಂಡು ತಿನ್ನೇ. ಯಾವಾಗ ನೋಡಿದ್ರೂ ಕುದುರೆ ನಿಂತಂಗೆ ನಿಂತಿರ್ತಾಳೆ," ಎಂದರು ಗಂಗಾಂಬಿಕೆ.

"ನಿಂತೇ ತಿಂತೀನಿ ಅಜ್ಜಿ, ಬಿಡಿ," ಎಂದಳು ಮಧುಶ್ರೀ. ಮೊದಲ ಪಿಯುಸಿ ಓದುವ ಹುಡುಗಿ, ಕಾಲೇಜಿನ ಖೋ ಖೋ ಟೀಮಿನಲ್ಲಿ ಓಟಕ್ಕೆ ಹೆಸರಾದವಳು. ಎಡಗೈಯಲ್ಲಿ ತಟ್ಟೆ ಹಿಡಿದು ಗೋಡೆಗೆ ಒರಗಿ ನಿಂತಿದ್ದಳು. ಬಾಗಿಲ ಚೌಕಟ್ಟಿಗೆ ತೊಡೆ ಉಜ್ಜಿಕೊಂಡದ್ದನ್ನು ಶಶಿರೇಖಾ ಕಂಡಳು.

ಊಟದ ಪಾತ್ರೆ ಎತ್ತಿದ ಮೇಲೆ ಮಗಳನ್ನು ರೂಮಿಗೆ ಕರೆದು ಬಾಗಿಲು ಹಾಕಿದಳು. "ತೋರಿಸು."

"ಏನಿಲ್ಲಮ್ಮ."

"ತೋರ್ಸೇ ಅಂದ್ರೆ."

ತೊಡೆಯ ಸಂದಿನಿಂದ ಸೊಂಟದ ಪಟ್ಟಿಯವರೆಗೆ ಉಂಗುರ ಉಂಗುರವಾಗಿ ಗಜಕರ್ಣ ಹಬ್ಬಿತ್ತು. ಅಂಚು ಕೆಂಪಗೆ ಉಬ್ಬಿ, ಕೆರೆದ ಕಡೆ ನೀರು ಒಸರುತ್ತಿತ್ತು. ಮೇಲೆ ಪೌಡರು ಬೆವರಿಗೆ ಕಲಸಿ ಹಿಟ್ಟಾಗಿ ಅಂಟಿಕೊಂಡಿತ್ತು.

"ಎಷ್ಟು ದಿನದಿಂದ?"

"ಬೇಸಿಗೆ ರಜ ಮುಗಿದಾಗಿಂದ. ಮೆಡಿಕಲ್ ಸ್ಟೋರಲ್ಲಿ ಟ್ಯೂಬ್ ಕೊಟ್ಟಿದ್ರು. ಹೋಗಿತ್ತು, ಮತ್ತೆ ಬಂತು."

"ನನಗ್ಯಾಕೆ ಹೇಳ್ಲಿಲ್ಲ?"

"ನೀನೆಲ್ಲಿರ್ತೀಯಾ ಹೇಳಕ್ಕೆ?"

ಅದೂ ನಿಜವೇ. ಬಿಸ್ಕತ್ತು ಫ್ಯಾಕ್ಟರಿಯ ಪ್ಯಾಕಿಂಗ್ ವಿಭಾಗದಲ್ಲಿ ಅವಳ ಕೆಲಸ. ಬೆಳಕು ಹರಿಯುವ ಮೊದಲು ಎದ್ದು ತಿಂಡಿ, ಡಬ್ಬಿ, ಬಟ್ಟೆ ಮುಗಿಸಿ ಶಿರಾ ಗೇಟಿನಲ್ಲಿ ಕಂಪನಿ ಬಸ್ಸು ಹಿಡಿದರೆ ಮತ್ತೆ ಮನೆ ಕಾಣುವುದು ದೀಪ ಹಚ್ಚುವ ಹೊತ್ತಿಗೆ.

ಚರ್ಮದ ಡಾಕ್ಟರಮ್ಮ ನೋಡಿದವರೇ ಕೇಳಿದರು: "ಒಳಬಟ್ಟೆ ಎಲ್ಲಿ ಒಣಗಿಸ್ತೀರಮ್ಮ?"

"ಮನೆ ಒಳಗೇ ಡಾಕ್ಟ್ರೇ."

"ಬಿಸಿಲು ಬೀಳಲ್ವಾ?"

ಡಾಕ್ಟರಮ್ಮ ಉತ್ತರಕ್ಕೆ ಕಾಯಲಿಲ್ಲ. "ದಿನಕ್ಕೆ ಹತ್ತು ಜನ ಬರ್ತಾರೆ, ಎಲ್ಲಾ ಇದೇ ಕಥೆ. ಮಾತ್ರೆ ಕೊಡ್ತೀನಿ, ಮುಲಾಮು ಕೊಡ್ತೀನಿ. ಹಸಿ ಬಟ್ಟೆನೇ ಹಾಕ್ಕೊಂಡ್ರೆ ಎಲ್ಲಾ ದಂಡ. ಬಟ್ಟೆ ಗರಿಗರಿ ಒಣಗ್ಬೇಕು. ಬಿಸಿಲಿಗೆ ಹಾಕಿ. ಆಗಲ್ಲ ಅಂದ್ರೆ ಇಸ್ತ್ರಿ ಮಾಡಿ, ಇಲ್ಲ ಡ್ರೈಯರ್ ತಗೊಳ್ಳಿ."

"ಕುಣಿಗಲ್ಲಲ್ಲಿ ಮ್ಯಾಚ್ ಇದೆ ಮೇಡಂ," ಎಂದಳು ಮಧುಶ್ರೀ. "ದಸರಾಗೆ ಮುಂಚೆ. ಅಷ್ಟ್ರಲ್ಲಿ ವಾಸಿಯಾಗುತ್ತಾ?"

"ಬಟ್ಟೆ ಒಣಗಿದ್ರೆ ಆಗುತ್ತೆ."

ಮಾರನೆಯ ಬೆಳಗ್ಗೆ ಶಶಿರೇಖಾ ಇಸ್ತ್ರಿಗೆ ಕೂತಳು. ಎರಡನೇ ಬಟ್ಟೆಗೆ ಅತ್ತೆ ಬಂದು ನಿಂತರು. "ಅದುಕ್ಕೂ ಅದೇ ಪೆಟ್ಟಿಗೇನಾ? ಅದ್ರಲ್ಲೇ ಅಲ್ವಾ ನನ್ ಮಗನ ಶರ್ಟು ತಿಕ್ಕೋದು? ಯಾವುದುಕ್ಕೆ ಯಾವುದನ್ನ ಮುಟ್ಟಿಸ್ಬೇಕು ಅನ್ನೋ ಗ್ಯಾನ ಬ್ಯಾಡ್ವಾ?" ಹೊರಗೆ ಕಂಪನಿ ಬಸ್ಸಿನ ಹೊತ್ತಾಗುತ್ತಿತ್ತು. ವಾದ ಮಾಡಿದರೆ ಬಸ್ಸು ತಪ್ಪುತ್ತದೆ. ಅವಳು ಪ್ಲಗ್ಗು ಕಿತ್ತಳು.

ಆ ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದಳು: "ರೀ, ಬೋನಸ್ ಬಂದಿದೆ. ಬಟ್ಟೆ ಒಣಗಿಸೋ ಮೆಷಿನ್ ತಗೊಳ್ಳೋಣ. ಮಧುಗೆ ಮೈಯೆಲ್ಲ ಗಾಯ ಆಗಿದೆ."

ಗಾಯ ಎಲ್ಲಿ, ಎಂಥದು ಎಂದು ಅವನು ಕೇಳಲಿಲ್ಲ. ಕೇಳಿದರೆ ಹೇಳಿಯಾಳು ಎಂಬ ಭಯ ಇದ್ದ ಹಾಗಿತ್ತು. ಆದರೆ ಮೆಷಿನ್ನು ಎಂದ ಕೂಡಲೇ ಮುಖ ಅರಳಿತು. "ನಮ್ ಸೊಸೈಟಿ ಆಂಜನಪ್ಪ ತಗೊಂಡಿದಾನೆ. ಅವನ ಹತ್ರ ಕೇಳ್ತೀನಿ. ಆದ್ರೆ ಒಂದು ಮಾತು, ಕರೆಂಟು ನೋಡಿ ತಗೋಬೇಕು. ಇನ್ನೂರು ಯೂನಿಟ್ ದಾಟ್ತು ಅಂದ್ರೆ ಗೃಹಜ್ಯೋತಿ ಹೋಯ್ತು, ಪೂರ್ತಿ ಬಿಲ್ಲು ನಮ್ಮ ತಲೆಗೆ."

ಗುಬ್ಬಿಯ ಸಹಕಾರ ಸಂಘದಲ್ಲಿ ಗುಮಾಸ್ತನಾಗಿದ್ದ ಷಡಕ್ಷರಿ ಅಲ್ಲಿಂದ ಮುಂದಕ್ಕೆ ಡ್ರೈಯರ್ ಪಂಡಿತನಾದ. ತಿಂಡಿಯ ಹೊತ್ತಲ್ಲಿ ಫೋನಿನಲ್ಲಿ ವಿಡಿಯೋ, ಗುಬ್ಬಿಯ ರೈಲಿನಲ್ಲಿ ವಿಡಿಯೋ, ಕಕ್ಕಸಿನಲ್ಲೂ ವಿಡಿಯೋ. ಚಿತ್ರಾನ್ನದ ಕೈಯಲ್ಲೇ ಪರದೆ ತಳ್ಳುತ್ತಿದ್ದ.

"ಅಮ್ಮಾ, ಇದ್ರಲ್ಲಿ ಮೂರು ಥರ. ಒಂದು ಬಿಸಿಗಾಳಿನ ಆಚೆ ಬಿಡುತ್ತೆ. ಅಗ್ಗ, ಆದ್ರೆ ಕರೆಂಟು ನುಂಗುತ್ತೆ. ಇನ್ನೊಂದು ನೀರು ಮಾಡಿ ಡಬ್ಬಕ್ಕೆ ತುಂಬುತ್ತೆ. ಮೂರನೇದು ಹೀಟ್ ಪಂಪು. ಅದು ರಾಜ."

"ಬೆಂಕಿ ಗಿಂಕಿ ಹತ್ಕಂಡಾತು ಕಣಪ್ಪ," ಎಂದರು ಗಂಗಾಂಬಿಕೆ.

"ಇಲ್ಲಮ್ಮ, ಹೀಟ್ ಪಂಪಲ್ಲಿ ಜಾಸ್ತಿ ಬಿಸಿನೇ ಇರಲ್ಲ. ಕರೆಂಟು ಉಳಿಸೋದಕ್ಕೆ ಮಾರ್ಕ್ಸ್ ಕೊಟ್ಟಿರ್ತಾರೆ, ಎ ಮುಂದೆ ಮೂರು ಪ್ಲಸ್ ಇರೋದು ಸಿಗುತ್ತೆ."

"ಅಪ್ಪಾಜಿ, ಯಾವ್ದೋ ಒಂದು ತಗೊಳ್ಳಿ," ಎಂದಳು ಮಧುಶ್ರೀ.

"ಯಾವ್ದೋ ಒಂದು ಅಂದ್ರೆ? ಮನೆಗೆ ತರೋ ಸಾಮಾನು ಕಣೇ. ಗಣೇಶನ ಹಬ್ಬಕ್ಕೆ ಆಫರ್ ಬಿಡ್ತಾರೆ, ತಡ್ಕೋ."

ಶ್ರಾವಣ ಕಳೆಯಿತು. ಡಾಕ್ಟರಮ್ಮನ ಮಾತ್ರೆ ಮುಗಿಯಿತು. ಷಡಕ್ಷರಿ ಪ್ಲಸ್ಸು ಎಣಿಸುತ್ತಲೇ ಇದ್ದ. ಮಗಳು ಕೆರೆದುಕೊಳ್ಳುವ ಸದ್ದು ಗೋಡೆಯಾಚೆಯಿಂದ ಕೇಳುತ್ತಿತ್ತು, ಗಂಡನ ಫೋನಿನಿಂದ ಯಾರೋ ಹುಮ್ಮಸ್ಸಿನಲ್ಲಿ ಮಾತಾಡುವ ಸದ್ದು ಪಕ್ಕದಿಂದ ಕೇಳುತ್ತಿತ್ತು. ಎರಡರ ನಡುವೆ ಶಶಿರೇಖಾ ನಾಳೆಯ ಹುರುಳಿಕಾಳು ನೆನೆಹಾಕುತ್ತಿದ್ದಳು.

ಹಬ್ಬದ ಹಿಂದಿನ ಭಾನುವಾರ ಕೊನೆಗೂ ಶಿರಾ ಗೇಟಿನ ಅಂಗಡಿಗೆ ಮೂವರೂ ಹೋದರು. ಅಂಗಡಿಯ ಹುಡುಗ ಇಸ್ತ್ರಿ ಮಾಡಿದ ನಗುವಿನೊಂದಿಗೆ ಬಂದ. "ಮೇಡಂ, ಎಂಥ ಬಟ್ಟೆ ಜಾಸ್ತಿ ಬರುತ್ತೆ ನಿಮ್ಮನೇಲಿ? ಅದರ ಮೇಲೆ ಹೇಳ್ತೀನಿ."

"ಪ್ಯಾಂಟು, ಶರ್ಟು, ಬೆಡ್‌ಶೀಟು," ಎಂದ ಷಡಕ್ಷರಿ. "ಅಮ್ಮಂದು ಕಾಟನ್ ಸೀರೆ."

"ಒಳಬಟ್ಟೆ," ಎಂದಳು ಶಶಿರೇಖಾ. "ಹೆಂಗಸ್ರದು."

ಷಡಕ್ಷರಿ ಪಕ್ಕದ ಫ್ರಿಜ್ಜಿನ ಬಾಗಿಲು ತೆಗೆದು ಒಳಗೆ ತಲೆ ಹಾಕಿ ಮೊಟ್ಟೆ ಇಡುವ ತಟ್ಟೆಯನ್ನು ಪರೀಕ್ಷಿಸತೊಡಗಿದ. ಅವರ ಮನೆಯಲ್ಲಿ ಮೊಟ್ಟೆ ತಿನ್ನುವವರು ಯಾರೂ ಇರಲಿಲ್ಲ.

ಅಂಗಡಿಯ ಹುಡುಗನಿಗೇನೂ ಆಗಲಿಲ್ಲ. "ಅದಕ್ಕೂ ಇದೇ ಬೆಸ್ಟ್ ಮೇಡಂ, ಹೀಟ್ ಪಂಪು. ಅದೇ ಗಾಳಿನ ತಿರುಗಿಸಿ ತಿರುಗಿಸಿ ಬಳಸುತ್ತೆ. ಒಂದೇ ಒಂದು ವಿಷಯ, ನಿಧಾನ. ಎರಡೂವರೆ, ಮೂರು ಗಂಟೆ ತಗೊಳ್ಳುತ್ತೆ. ಟೈಮ್ ಜಾಸ್ತಿ, ಕರೆಂಟ್ ಕಮ್ಮಿ. ಮಧ್ಯ ನಿಲ್ಲಿಸ್ಬೇಡಿ, ತಾನೇ ಆಫ್ ಆಗುತ್ತೆ."

"ಗೊತ್ತು ಗೊತ್ತು, ಎಲ್ಲಾ ನೋಡ್ಕೊಂಡೇ ಬಂದಿದೀನಿ," ಎಂದ ಷಡಕ್ಷರಿ ಫ್ರಿಜ್ಜಿನೊಳಗಿಂದಲೇ.

ಅಗ್ಗದ ಮೆಷಿನ್ನಿನ ಎರಡರಷ್ಟು ಬೆಲೆ. ಬೋನಸ್ಸು ಪೂರ್ತಿ ಹೋಯಿತು. ಹೋಗಲಿ ಎಂದುಕೊಂಡಳು ಶಶಿರೇಖಾ. ಕುಣಿಗಲ್ ಮ್ಯಾಚಿಗೆ ಇನ್ನೂ ಮೂರು ವಾರ ಇತ್ತು.

ಮೆಷಿನ್ನು ಶುಕ್ರವಾರ ಬಂತು. ಸ್ಟೋರ್ ರೂಮಿನಲ್ಲಿ ಜಾಗ ಮಾಡಿ ಇಟ್ಟರು. ಗಂಗಾಂಬಿಕೆ ಸ್ನಾನ ಮಾಡಿ, ಪೂಜೆ ಸೀರೆ ಉಟ್ಟು ಬಂದು, ಗಾಜಿನ ಬಾಗಿಲಿಗೆ ಮೂರು ಎಳೆ ವಿಭೂತಿ ಬಳಿದು ಕುಂಕುಮ ಇಟ್ಟರು. ಸೇವಂತಿಗೆ ಸಿಕ್ಕಿಸಿ, ಕಾಯಿ ಒಡೆದು, ಊದುಬತ್ತಿ ಬೆಳಗಿದರು. "ಮಾಲಕ್ಷ್ಮಿ ಬಂದಂಗೆ ಬಂದವ್ಳೆ," ಎಂದು ಮೆಷಿನ್ನಿನ ತಲೆ ಸವರಿದರು.

ಮೊದಲು ಷಡಕ್ಷರಿಯ ಶರ್ಟುಗಳು, ಅತ್ತೆಯ ಹಾಸಿಗೆಯ ಹೊದಿಕೆ. ಅಂದು ಹಬ್ಬದ ರಜ, ಎಲ್ಲರೂ ಮನೆಯಲ್ಲಿದ್ದರು, ಮೂರು ಗಂಟೆಯೂ ಓಡಿತು. ಬಾಗಿಲು ತೆರೆದಾಗ ಬಟ್ಟೆ ಬೆಚ್ಚಗೆ, ಗರಿಗರಿಯಾಗಿ ಬಂತು. ಗಂಗಾಂಬಿಕೆ ಹೊದಿಕೆಯನ್ನು ಎದೆಗೆ ಅವಚಿಕೊಂಡು, "ಅಯ್ಯಪ್ಪಾ, ಮಗು ಎತ್ಕಂಡಂಗಾಯ್ತದಲ್ಲೋ!" ಎಂದು ನಕ್ಕರು. ಮಧುಶ್ರೀಯೂ ನಕ್ಕಳು. ಶಶಿರೇಖಾ ಓಣಿಗೆ ಹೋಗಿ ದಾರದ ಮೇಲಿನದನ್ನೆಲ್ಲ ಬುಟ್ಟಿಗೆ ತುಂಬಿ, ಮೇಲೆ ಮಗಳದೊಂದು ಚೂಡಿದಾರ ಹೊದಿಸಿ ತಂದಳು.

"ನಿಲ್ಲು," ಎಂದರು ಗಂಗಾಂಬಿಕೆ. ಕೈಯಲ್ಲಿದ್ದ ಹೊದಿಕೆ ಕೆಳಗಿಟ್ಟರು. "ಅದೇನಮ್ಮ ಬುಟ್ಟೀಲಿ?"

"ಮಧು ಬಟ್ಟೆ ಅತ್ತೆ."

"ಮ್ಯಾಲೆ ಚೂಡಿದಾರ ಐತೆ. ಕೆಳಗೇನೈತೆ?"

"ಅವಳ ಬಟ್ಟೇನೇ."

"ನೋಡಮ್ಮ ರೇಖಾ, ಇದು ಪೂಜೆ ಆಗಿರೋ ಮೆಷಿನ್ನು. ಈಗಿನ್ನೂ ವಿಭೂತಿ ಹಚ್ಚಿದೀನಿ, ಕಾಯಿ ಒಡ್ದಿದೀನಿ. ಅವುನ್ನೆಲ್ಲ ತಂದು ಇದ್ರ ಹೊಟ್ಟೆಗೆ ತುರುಕ್ತೀಯಾ?"

ಮಧುಶ್ರೀಯ ಮುಖ ಕಪ್ಪಿಟ್ಟಿತು. ಆದರೆ ಬಾಯಿ ಸುಮ್ಮನಿರಲಿಲ್ಲ. "ಅಜ್ಜಿ, ಲಿಂಗ ಕಟ್ಕೊಂಡೋರಿಗೆ ಸೂತಕ ಇಲ್ಲ ಅಂತ ಮಠದಲ್ಲಿ ಹೇಳಿದ್ದನ್ನ ನೀವೇ ಬಂದು ನಮ್ಗೆ ಹೇಳಿದ್ರಲ್ಲ?"

"ಅದು ನಮ್ ಮೈಗೆ ಕಣೇ. ಮೆಷಿನ್ನಿಗೆ ಯಾರು ಲಿಂಗ ಕಟ್ಟವ್ರೆ?"

ಷಡಕ್ಷರಿ ಗಹಗಹಿಸಿ ನಕ್ಕ. "ಅಮ್ಮನ ಹತ್ರ ಮಾತಲ್ಲಿ ಗೆಲ್ಲಕ್ಕಾಗಲ್ಲ ಬಿಡು."

"ರೀ, ನಗೋ ವಿಷಯ ಅಲ್ಲ. ನಾವು ತಂದಿದ್ದೇ ಇದಕ್ಕೆ."

"ಇದಕ್ಕೆ ಅಂದ್ರೆ? ಮಳೆಗಾಲಕ್ಕೆ ತಂದಿದ್ದು. ಸ್ವಲ್ಪ ದಿನ ಹೋಗ್ಲಿ ಕಣೇ, ಹೊಸ ಸಾಮಾನು, ಅಮ್ಮನ ಮನಸ್ಸಿಗ್ಯಾಕೆ ಕಿರಿಕಿರಿ."

ಕಾಯಿಚೂರಿಗೆ ಬೆಲ್ಲ ಹಾಕಿ ಹಂಚಿದರು. ಬುಟ್ಟಿ ಓಣಿಗೆ ವಾಪಸು ಹೋಯಿತು.

ಶಶಿರೇಖಾ ಕಳ್ಳತನ ಶುರು ಮಾಡಿದಳು. ಮಗಳ ಒಳಬಟ್ಟೆಗಳನ್ನು ಹಳೇ ದಿಂಬಿನ ಕವರಿಗೆ ತುಂಬಿ, ಬಾಯಿ ಕಟ್ಟಿ, ಬೆಡ್‌ಶೀಟಿನೊಳಗೆ ಸುತ್ತಿ, ಗಂಡನ ಶರ್ಟುಗಳ ಜೊತೆ ಬೆಳಗ್ಗೆ ಮೆಷಿನ್ನಿಗೆ ಹಾಕಿ ಗುಂಡಿ ಒತ್ತಿ ಕೆಲಸಕ್ಕೆ ಹೋಗುತ್ತಿದ್ದಳು. ತನ್ನ ಮನೆಯಲ್ಲಿ, ತನ್ನ ಬೋನಸ್ಸಿನ ಮೆಷಿನ್ನಿಗೆ, ತಾನು ಹೆತ್ತ ಮಗಳ ಬಟ್ಟೆಯನ್ನು ಗಾಂಜಾ ಸಾಗಿಸುವವರ ಹಾಗೆ ಸಾಗಿಸುವುದು! ಬಸ್ಸಿನಲ್ಲಿ ಕೂತಾಗ ನೆನಪಾಗಿ ಥೂ ಎನಿಸುತ್ತಿತ್ತು. ಸಂಜೆ ಬಂದವಳೇ ಮೊದಲು ದಿಂಬಿನ ಕವರು ತೆಗೆದು ಮಗಳ ರೂಮಿಗೆ ಎಸೆಯುತ್ತಿದ್ದಳು. ಬಟ್ಟೆ ಮೆತ್ತಗೆ, ತಣ್ಣಗೆ ಇರುತ್ತಿತ್ತು. ಕವರೊಳಗೆ ಮುಚ್ಚಿಟ್ಟಿದ್ದಕ್ಕೆ ಹೀಗೆ, ಓಣಿಯದ್ದಕ್ಕಿಂತ ವಾಸಿ ಎಂದುಕೊಂಡಳು. ಹಿಟ್ಟು ಕಲಸುವ ಕೈ, ಪಾತ್ರೆ ಉಜ್ಜುವ ಕೈ. ಅದಕ್ಕೆ ಆ ಹೊತ್ತಿಗೆ ಒದ್ದೆ ಯಾವುದು, ಒಣಗಿದ್ದು ಯಾವುದು ಎಂಬುದೇ ತಿಳಿಯುತ್ತಿರಲಿಲ್ಲ.

ಮನೆಯಲ್ಲಿ ನಾತ ಮಾತ್ರ ಹೋಗಲಿಲ್ಲ. ಮೊದಲು ಓಣಿಯಲ್ಲಿತ್ತು, ಈಗ ಮೆಷಿನ್ನಿನ ಬಾಗಿಲು ತೆಗೆದರೂ ಹಳೇ ಅನ್ನದ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಮುಖಕ್ಕೆ ಹೊಡೆಯುತ್ತಿತ್ತು.

"ಅಮ್ಮಾ, ಕಮ್ಮಿ ಆಗ್ತಿಲ್ಲ," ಎಂದಳು ಮಧುಶ್ರೀ ಒಂದು ದಿನ ಜಡೆ ಹಾಕಿಸಿಕೊಳ್ಳುತ್ತ. "ಹಿಂದುಗಡೆಗೂ ಹಬ್ಬಿದೆ."

"ಮುಲಾಮು ಹಚ್ತಿದೀಯ ತಾನೆ?"

"ಹಚ್ತಿದೀನಿ."

"ಮ್ಯಾಚಿಗೆ ಹೋಗ್ಬೇಡ ಬಿಡು ಈ ಸಲ."

"ಹೋಗೇ ಹೋಗ್ತೀನಿ," ಎಂದಳು ಹುಡುಗಿ, ಅರ್ಧ ಹಾಕಿದ ಜಡೆ ಅಮ್ಮನ ಕೈಯಿಂದ ಕಿತ್ತುಕೊಂಡು. "ಅದೊಂದು ಇದೆ ನನ್ಗೆ."

ಮ್ಯಾಚಿನ ಶನಿವಾರ ಸಂಜೆ ಶಶಿರೇಖಾ ಕಂಪನಿ ಬಸ್ಸಿಳಿದಾಗ ಶಿರಾ ಗೇಟಿನ ಹಣ್ಣಿನ ಗಾಡಿಗಳ ಪಕ್ಕ ಒಬ್ಬ ಹುಡುಗಿ ಕಾಲು ಅಗಲ ಇಟ್ಟುಕೊಂಡು ನಡೆದುಹೋಗುತ್ತಿದ್ದಳು. ಯಾರೋ ಪಾಪ ಎಂದುಕೊಂಡಳು. ಟೀ ಶರ್ಟಿನ ಬೆನ್ನ ಮೇಲೆ ಮಗಳ ಕಾಲೇಜಿನ ಹೆಸರು. ಓಡಿ ಹೋಗಿ ಹಿಡಿದಳು.

"ಮಧೂ! ಏನಾಯ್ತೇ?"

"ಕೂರಕ್ಕಾಗ್ಲಿಲ್ಲಮ್ಮ."

ಖೋ ಖೋ ಆಟದಲ್ಲಿ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತು ಕಾಯಬೇಕು, ಬೆನ್ನಿಗೆ ಖೋ ಬಿದ್ದ ಕ್ಷಣ ಚಿಮ್ಮಬೇಕು. ತೊಡೆಗೆ ತೊಡೆ, ತೊಡೆಗೆ ಬಟ್ಟೆ ಉಜ್ಜಿ ಚರ್ಮ ಕಿತ್ತು ಬಂದಿತ್ತು. ಎರಡು ಸಲ ಖೋ ಕೊಟ್ಟರೂ ಏಳಲಾಗದೆ ಒದ್ದಾಡಿದಳು. ಮೂರನೆಯ ಸಲಕ್ಕೆ ಆಟದ ಮೇಡಂ ಕೂಗಿ ಆಚೆ ಕರೆದರು. ಇಡೀ ಟೀಮು ಅವಳಿಂದ ಸೋತಿತು.

"ಬಸ್ಸಲ್ಲಿ ನನ್ನ ಪಕ್ಕ ಕೂತಿದ್ದೋಳು ಎದ್ದು ಹಿಂದಕ್ಕೆ ಹೋದ್ಲು," ಎಂದಳು ಮಧುಶ್ರೀ. ಅಳುತ್ತಿರಲಿಲ್ಲ. ಹಣ್ಣಿನ ಗಾಡಿಯ ಮೇಲಿನ ನೊಣಗಳನ್ನೇ ನೋಡುತ್ತಿದ್ದಳು. "ನಾತ ಬರುತ್ತೆ ಅಂದ್ಲು. ನಾನು ದಿನಾ ಸ್ನಾನ ಮಾಡ್ತೀನಲ್ಲಮ್ಮ?"

ಸೋಮವಾರ ಶಶಿರೇಖಾ ರಜ ಹಾಕಿದಳು. ಎಂದಿನಂತೆ ಬೆಳಗ್ಗೆ ದಿಂಬಿನ ಕವರಿನ ಸಮೇತ ಮೆಷಿನ್ನು ತುಂಬಿ ಗುಂಡಿ ಒತ್ತಿ, ಷಡಕ್ಷರಿಯ ಡಬ್ಬಿ ಕಟ್ಟಿ ಗುಬ್ಬಿಗೆ ಕಳಿಸಿ, ಮಗಳ ಪಕ್ಕ ಹೋಗಿ ಕೂತಳು. ಹುಡುಗಿ ಬೋರಲು ಮಲಗಿದ್ದಳು. ಅತ್ತೆಯ ಫೋನು ಸ್ಟೋರ್ ರೂಮಿನ ಕಡೆಯಿಂದ ಕೇಳಿಸಿತು. ಕಿವಿ ಮಂದ, ಸ್ಪೀಕರಿಗೆ ಹಾಕಿಯೇ ಮಾತಾಡುವುದು.

"ಅಮ್ಮಾ, ಗಂಟೆ ಆಯ್ತು. ಆಫ್ ಮಾಡಿದ್ಯಾ?" ಷಡಕ್ಷರಿಯ ದನಿ.

"ಇಗಾ, ಅದುಕ್ಕೇ ಬಂದೆ ಕಣಪ್ಪ."

ಟಕ್ ಎಂದಿತು. ಗುಂಯ್‌ಗುಡುತ್ತಿದ್ದ ಮೆಷಿನ್ನು ನಿಂತಿತು.

ಶಶಿರೇಖಾ ಎದ್ದು ಬಂದಳು. "ಯಾಕತ್ತೆ ಆಫ್ ಮಾಡಿದ್ರಿ?"

"ದಿನಾ ನಾನೇ ಅಲ್ವಾ ಮಾಡೋದು? ಷಡಕ್ಷರಿ ಹೇಳವ್ನೆ, ಒಂದು ಗಂಟೆ ಮ್ಯಾಲೆ ಓಡಿಸ್ಬ್ಯಾಡ ಅಂತ. ಮೂರು ಮೂರು ಗಂಟೆ ಓಡಿದ್ರೆ ಮೀಟ್ರು ಏನಾಗ್ಬೇಕು?" ಎಂದು ಮೆಷಿನ್ನಿನ ನೀರಿನ ಡಬ್ಬ ಎಳೆದು ತೋರಿಸಿದರು. "ನೋಡು, ಇಷ್ಟು ನೀರು ಆಚೆ ಬಂದೈತೆ. ಇನ್ನೆಲ್ಲೈತೆ ಒದ್ದೆ?"

"ಮತ್ತೆ ಅವರ ಶರ್ಟು ಹೇಗೆ ಒಣಗುತ್ತೆ?"

"ಅವುನ್ನ ತಗ್ದು ಫ್ಯಾನ್ ಕೆಳಗೆ ಕುರ್ಚಿಗೆ ಹರವ್ತೀನಿ. ಶೀಟು ಗೀಟು ಅಲ್ಲೇ ಇರ್ತಾವೆ, ಬೆಚ್ಚಗೆ."

ಬೆಚ್ಚಗೆ. ಸಂಜೆಯವರೆಗೆ, ಮುಚ್ಚಿದ ಡಬ್ಬಿಯೊಳಗೆ, ಅರೆ ಒದ್ದೆಯಾಗಿ, ದಿನಾ. ಶಶಿರೇಖಾ ಬಾಗಿಲು ಎಳೆದಳು. ಹಬೆಯ ಜೊತೆ ನಾತ ನುಗ್ಗಿತು. ಶೀಟು ಎಳೆದ ರಭಸಕ್ಕೆ ದಿಂಬಿನ ಕವರು ಉರುಳಿ ಬಂದು ಅತ್ತೆಯ ಪಾದದ ಹತ್ತಿರ ಬಿತ್ತು. ಗಂಟು ಸಡಿಲಿತ್ತು.

ಗಂಗಾಂಬಿಕೆ ಹಾವು ಕಂಡವರ ಹಾಗೆ ಹಿಂದಕ್ಕೆ ಹಾರಿದರು. "ಶಿವ ಶಿವಾ! ಇದ್ರೊಳಗೇ ಹಾಕ್ತಾ ಇದ್ಯಾ? ಎಷ್ಟು ದಿನದಿಂದ ಹಾಕ್ತಾ ಇದ್ದೀಯೆ? ನನ್ ಹೊದಿಕೆನೂ ಇದ್ರಲ್ಲೇ ಅಲ್ವೇನೇ! ಅದುನ್ನ ಹೊದ್ಕಂಡು ನಾನು ವಿಭೂತಿ ಧರಿಸ್ತೀನಲ್ಲೇ!"

ಶಶಿರೇಖಾ ಬಗ್ಗಿ ಕವರು ಎತ್ತಿಕೊಂಡಳು. ಅದನ್ನು ಒಗೆಯಲಿಲ್ಲ, ಒಣಗಿಸಲೂ ಇಲ್ಲ. ಸಂಜೆಯವರೆಗೆ ಹಾಗೆಯೇ ಅಡುಗೆಮನೆಯ ಬಾಗಿಲ ಹಿಂದೆ ಇಟ್ಟಳು.

ಷಡಕ್ಷರಿಗೆ ಸುದ್ದಿ ಗುಬ್ಬಿಯಲ್ಲೇ ಮುಟ್ಟಿತ್ತು. ಊಟಕ್ಕೆ ಕೂತವನೇ ಶುರು ಮಾಡಿದ. "ಅಮ್ಮಂಗೆ ಬೆಳಗ್ಗಿಂದ ಊಟ ಸೇರಿಲ್ಲವಂತೆ. ಹೇಳಿ ಮಾಡಬೋದಿತ್ತಲ್ಲ? ಕದ್ದು ಮುಚ್ಚಿ ಮಾಡೋದು ಏನಿದು, ಸಂಸಾರಸ್ಥರ ಮನೇಲಿ?"

"ನೀವು ಹೇಳಿ ಮಾಡಿದ್ರಾ? ಆಫ್ ಮಾಡ್ಸಿದ್ದು?"

"ಅದು ಬೇರೆ. ಮೂರು ಗಂಟೆ ಓಡಿದ್ರೆ ಇನ್ನೂರು ಯೂನಿಟ್ ದಾಟುತ್ತೆ ಕಣೇ."

"ಅಂಗಡಿ ಹುಡುಗ ಏನಂದ? ಟೈಮ್ ಜಾಸ್ತಿ, ಕರೆಂಟ್ ಕಮ್ಮಿ."

"ಅವ್ನು ಮಾರೋನು, ಸಾವಿರ ಹೇಳ್ತಾನೆ. ನಾನು ಮೀಟರ್ ಮುಂದೆ ನಿಂತು ಕಣ್ಣಾರೆ ನೋಡಿದೀನಿ, ಕೆಂಪು ಲೈಟು ಮಿಣಕ್ ಮಿಣಕ್ ಅಂತಾನೇ ಇತ್ತು."

"ಕರೆಂಟ್ ಉಳಿಸೋ ಮೆಷಿನ್ ಬೇಕು ಅಂತ ಒಂದು ತಿಂಗಳು ಕಾಯಿಸಿದ್ರಿ. ಎರಡರಷ್ಟು ದುಡ್ಡು ಸುರಿಸಿದ್ರಿ. ತಂದು, ಕರೆಂಟ್ ಉಳಿಸಕ್ಕೆ ಅಂತ ಅದನ್ನೇ ಆರಿಸಿದ್ರಿ."

"ಅದರ ಲೆಕ್ಕ ನಿನಗೆ ಅರ್ಥ ಆಗಲ್ಲ ಬಿಡು."

ಶಶಿರೇಖಾ ಎದ್ದು ಹೋದಳು. ಸಾರು ತರಲು ಹೋದಳೆಂದುಕೊಂಡು ಅವನು ಮುದ್ದೆಯಲ್ಲಿ ಗುಳಿ ಮಾಡಿದ. ಅವಳು ದಿಂಬಿನ ಕವರು ತಂದು, ಗಂಟು ಬಿಚ್ಚಿ, ಅವನ ತಟ್ಟೆಯ ಪಕ್ಕದ ನೆಲಕ್ಕೆ ಸುರಿದಳು. ಹಳದಿಗೆ ತಿರುಗಿದ, ನಾಲ್ಕು ಕಡೆ ಬೂಷ್ಟಿನ ಚುಕ್ಕೆ ಬಿದ್ದ ಬಟ್ಟೆಗಳು ಪಚಕ್ಕೆಂದು ಬಿದ್ದವು.

"ಛೀ! ಊಟದ ಹೊತ್ತಲ್ಲಿ ಏನೇ ಇದು! ತೆಗೀ ಮೊದ್ಲು!" ಷಡಕ್ಷರಿ ತಟ್ಟೆ ಎಳೆದುಕೊಂಡು ಮೂಗು ಮುಚ್ಚಿದ. "ಅಸಹ್ಯ ಅನ್ಸಲ್ವಾ ನಿಂಗೆ?"

"ಅನ್ಸುತ್ತೆ. ಆದ್ರೆ ಬಟ್ಟೆ ನೋಡಿ ಅಲ್ಲ," ಎಂದಳು ಶಶಿರೇಖಾ. "ಮೂಸಿ ನೋಡಿ. ಒಂದು ನಿಮಿಷ ಇದನ್ನ ಮುಂದಿಟ್ಕೊಂಡು ಕೂರಕ್ಕಾಗಲ್ಲ ನಿಮಗೆ. ನಿಮ್ಮ ಮಗಳು ದಿನಾ ಇದನ್ನ ಮೈಗೆ ಹಾಕ್ಕೊಂಡು ಕಾಲೇಜಿಗೆ ಹೋಗ್ತಾಳೆ."

ಗಂಗಾಂಬಿಕೆ ಬಾಗಿಲಲ್ಲಿ ನಿಂತು ಸೆರಗಿನಲ್ಲಿ ಮೂಗು ಮುಚ್ಚಿಕೊಂಡಿದ್ದರು. ಮಧುಶ್ರೀ ಕಾಲೆಳೆದುಕೊಂಡು ಬಂದು, ಒಂದೊಂದಾಗಿ ತನ್ನ ಬಟ್ಟೆಗಳನ್ನು ಕವರಿಗೆ ತುಂಬಿದಳು. ಬಗ್ಗುವಾಗ ಅವಳ ಮುಖ ಹಿಂಡಿದ್ದನ್ನು ಷಡಕ್ಷರಿ ನೋಡಿದ.

"ಏನಾಗಿದೆಯೇ ಮಧು ನಿಂಗೆ?" ಎಂದ. ಮೊದಲ ಸಲ ಕೇಳಿದ್ದು.

"ಕುಣಿಗಲ್ಲಲ್ಲಿ ಎಲ್ಲರೂ ನೋಡಿದ್ರು ಅಪ್ಪಾಜಿ," ಎಂದಳು ಹುಡುಗಿ. "ನೀವೊಬ್ರೇ ನೋಡಿಲ್ಲ."

ಅವನು ಕೈ ತೊಳೆದುಕೊಂಡ. ಮುದ್ದೆ ತಟ್ಟೆಯಲ್ಲೇ ಉಳಿಯಿತು. ಶಶಿರೇಖಾ ಅದನ್ನು ಎತ್ತಿಡಲಿಲ್ಲ. ತನ್ನ ತಟ್ಟೆಯಲ್ಲಿದ್ದುದನ್ನು ಪೂರ್ತಿ ಉಂಡಳು.

ಬೆಳಗ್ಗೆ ಬಹಳ ದಿನದ ಮೇಲೆ ಆಕಾಶ ತೊಳೆದಿಟ್ಟ ಹಾಗಿತ್ತು. ಗಂಗಾಂಬಿಕೆ ಸ್ನಾನ ಮುಗಿಸಿ, ಒಗೆದ ಪೂಜೆ ಸೀರೆಯನ್ನು ಹಿಂಡಿ ಕೈಮೇಲೆ ಹಾಕಿಕೊಂಡು ಹಿತ್ತಲಿಗೆ ಬಂದರು. ಬಂದವರು ಮೆಟ್ಟಿಲ ಮೇಲೇ ನಿಂತರು.

ಪೂಜೆ ಹಗ್ಗ ಈ ತುದಿಯಿಂದ ಆ ತುದಿಯವರೆಗೆ ತುಂಬಿತ್ತು. ಬಿಸಿನೀರಿಗೆ ಹಾಕಿ ಒಗೆದ ಮಧುಶ್ರೀಯ ಬಟ್ಟೆಗಳು, ಶಶಿರೇಖಾಳವು, ಒಂದರ ಪಕ್ಕ ಒಂದು, ಕ್ಲಿಪ್ಪು ಹಾಕಿಕೊಂಡು ಬಿಸಿಲಿಗೆ ಮೈಯೊಡ್ಡಿದ್ದವು. ಟವೆಲ್ಲಿನ ಮರೆ ಇರಲಿಲ್ಲ. ಕೊನೆಯ ಕ್ಲಿಪ್ಪನ್ನು ಶಶಿರೇಖಾ ಸಿಕ್ಕಿಸುತ್ತಿದ್ದಳು.

"ರೇಖಾ! ಅದು ಪೂಜೆ ಹಗ್ಗ!"

"ಗೊತ್ತು ಅತ್ತೆ."

"ತಗೀ ಅವುನ್ನ. ಈಗ್ಲೇ ತಗೀ. ಷಡಕ್ಷರೀ, ಬಾರೋ ಇಲ್ಲಿ, ನೋಡೋ ನಿನ್ ಹೆಂಡ್ತಿ ಕೆಲ್ಸವ!"

ಷಡಕ್ಷರಿ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಬಂದ. ಹಗ್ಗದ ಕಡೆ ನೋಡಿದ. ತಕ್ಷಣ ಕಣ್ಣು ಕೆಳಗೆ ಹಾಕಿದ. ಅವನ ಹಿಂದೆ, ಅಡುಗೆಮನೆಯ ಬಾಗಿಲಲ್ಲಿ, ಮಧುಶ್ರೀ ಗೋಡೆ ಹಿಡಿದು ನಿಂತಿದ್ದಳು. ಅವನು ಅವಳನ್ನೂ ನೋಡಿದ. ಬಾಯಲ್ಲಿ ನೊರೆ ತುಂಬಿತ್ತು, ಉಗುಳಲು ಒಳಗೆ ಹೋದವನು ಮತ್ತೆ ಬರಲಿಲ್ಲ.

ಗಂಗಾಂಬಿಕೆಯ ಕೈಮೇಲಿನ ಸೀರೆಯಿಂದ ನೀರು ತೊಟ್ಟಿಕ್ಕಿ ಮೆಟ್ಟಿಲ ಮೇಲೆ ಹರಿಯುತ್ತಿತ್ತು. "ನನ್ ಸೀರೆ ಎಲ್ಲಿ ಹಾಕ್ಲಿ ನಾನು?" ಎಂದರು. ದನಿ ಸ್ವಲ್ಪ ಇಳಿದಿತ್ತು.

ಶಶಿರೇಖಾ ಖಾಲಿ ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡಳು. ಕಂಪನಿ ಬಸ್ಸಿಗೆ ಇನ್ನೂ ಹೊತ್ತಿತ್ತು.

"ಮೆಷಿನ್ನಿಗೆ ಹಾಕಿ ಅತ್ತೆ," ಎಂದಳು. "ಪೂಜೆ ಆಗಿದೆಯಲ್ಲ. ಮೂರು ಗಂಟೆ ಬೇಕು, ಮಧ್ಯದಲ್ಲಿ ಆಫ್ ಮಾಡ್ಬೇಡಿ."